ಮಾಮು ಸುತ್ತಿದ ಟವೆಲ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ದಿನಗಳಿಂದ ನಾನು ದಿನಚರಿ ಬರೆಯುತ್ತ ಬಂದಿದ್ದೇನೆ. ಹಾಗಾಗಿ ಬರೆದಿಡದ ನೆನಪನ್ನು ನಂಬುವುದು ಕಷ್ಟ. ಹಳೆಯ ಪುಟ ತೆರೆದಾಗ, ಬರೆದಿಟ್ಟದ್ದನ್ನೂ ಪೂರ್ತಿ ನಂಬಲಾಗುವುದಿಲ್ಲ. ಆ ಭಾನುವಾರ ರಸ್ತೆ ಒದ್ದೆಯಾಗಿತ್ತು ಎಂದು ನನ್ನ ನೆನಪು. ಒಂದು ತಿಂಗಳಿಂದ ಮಳೆಯ ಹನಿಯೇ ಬಿದ್ದಿರಲಿಲ್ಲ ಎನ್ನುತ್ತಾಳೆ ಅಮ್ಮಿ. ಹಾಗಿದ್ದರೆ ಸ್ಕೂಟರ್ ಜಾರಿದ್ದು ಉಸುಕಿನ ಮೇಲೆ ಇರಬೇಕು.

ಆ ದಿನದ ಪುಟದಲ್ಲಿ ಮೂರೇ ಸಾಲುಗಳಿವೆ. "ಗಬ್ಬೂರಿನ ಹತ್ತಿರ ಬಿದ್ದೆ. ಮಾಮು ಕುತ್ತಿಗೆಗೆ ಟವೆಲ್ ಸುತ್ತಿದರು. ಮನೆಗೆ ಬಂದು ಚಹಾ ಕುಡಿದೆ." ಸೋಮವಾರ ಒಂದು ಸಾಲು, ಮಂಗಳವಾರ ಏನೂ ಇಲ್ಲ. ಆಮೇಲೆ ಎರಡು ವಾರದಷ್ಟು ಖಾಲಿ ಪುಟಗಳು. ಭಾನುವಾರದ ಎರಡನೆಯ ಸಾಲನ್ನು ಇನ್ನೊಂದಿಷ್ಟು ಉದ್ದ ಬರೆದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಮಾಮು ನನ್ನ ತಾಯಿ ಅಮ್ಮಿಯ ತಮ್ಮ. ಗಬ್ಬೂರಿನ ಬೈಪಾಸ್ ಬದಿಗೆ ಅವರ ಗ್ಯಾರೇಜಿದೆ. ಅವರ ಹೆಸರು ಆ ಹೆದ್ದಾರಿಯಲ್ಲಿ ಎರಡು ಕೆಲಸಗಳಿಗೆ ಗೊತ್ತು. ಒಂದು, ಲಾರಿಯ ಮುಂದಿನ ಗಾಲಿಗಳ ರಿಪೇರಿ. ಇನ್ನೊಂದು, ಕುತ್ತಿಗೆ ಎಳೆಯುವುದು. ರಾತ್ರಿಯಿಡೀ ಸ್ಟೇರಿಂಗ್ ಹಿಡಿದು ಕುತ್ತಿಗೆ ಹಿಡಿದುಕೊಂಡ ಡ್ರೈವರುಗಳು ಬೆಳಿಗ್ಗೆ ಅವರ ಮುಂದೆ ಸ್ಟೂಲಿನ ಮೇಲೆ ಕೂರುತ್ತಾರೆ. ಮಾಮು ಹಿಂದೆ ನಿಂತು, ಗದ್ದದ ಕೆಳಗೆ ಟವೆಲ್ ಹಾಯಿಸಿ, ಎರಡೂ ತುದಿಗಳನ್ನು ತಲೆಯ ಹಿಂದೆ ಹಿಡಿದು, "ನಿಮ್ಮ ದೇವರ ಹೆಸರು ತೊಗೋರಿ" ಎನ್ನುತ್ತಾರೆ. ಹೆಸರು ಮುಗಿಯುವ ಮೊದಲೇ ಒಂದು ಜಗ್ಗು. ಕಟಕ್ ಎಂದು ಸದ್ದಾಗುತ್ತದೆ. ನೋಡುತ್ತ ನಿಂತವರೆಲ್ಲ ನಗುತ್ತಾರೆ. ನಾನು ಚಿಕ್ಕಂದಿನಿಂದ ಆ ಸದ್ದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಆ ಭಾನುವಾರ ಸ್ಕೂಟರಿನ ಬ್ರೇಕ್ ತೋರಿಸಲೆಂದು ಅಲ್ಲಿಗೇ ಹೊರಟಿದ್ದೆ. ಗ್ಯಾರೇಜ್ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಬಿದ್ದೆ. ಹೆಲ್ಮೆಟ್ ಮೊದಲು ನೆಲಕ್ಕೆ ಬಡಿಯಿತು. ಪಕ್ಕದ ಪಂಕ್ಚರ್ ಅಂಗಡಿಯವರು ಓಡಿ ಬಂದು ಎಬ್ಬಿಸಿದರು. ನಾನೇ ನಡೆದು ಹೋಗಿ, ಯಾವುದೋ ಜೀಪಿನಿಂದ ಬಿಚ್ಚಿಟ್ಟ ಸೀಟಿನ ಮೇಲೆ ಕುಳಿತೆ.

"ಗಾಡಿಗೇನಾತು?" ಎಂದರು ಮಾಮು.

"ಗಾಡಿ ಛಲೋ ಐತ್ರಿ ಮಾಮು. ನಾನs ಡೆಂಟ್ ಆಗೇನಿ."

ಅವರು ನಕ್ಕರು. ಇದು ಖಚಿತವಾಗಿ ನೆನಪಿದೆ. ನನ್ನ ಗದ್ದದ ಕೆಳಗೆ ಬಂದ ಟವೆಲ್, ಅದರ ಪೆಟ್ರೋಲ್ ಮತ್ತು ಸೋಪಿನ ವಾಸನೆ, ಹಿಂದಿನಿಂದ ಮಾಮುವಿನ ಉಸಿರು, ಇಷ್ಟೂ ನೆನಪಿವೆ. ಆಮೇಲೆ ಕಟಕ್ ಎಂಬ ಸದ್ದೂ ಇದೆ. ಆದರೆ ಆ ಸದ್ದು ಅಂದಿನದೋ, ಎಷ್ಟೋ ವರ್ಷಗಳಿಂದ ಕಿವಿಯಲ್ಲಿ ಉಳಿದದ್ದು ತಾನಾಗಿಯೇ ಅಲ್ಲಿ ಬಂದು ಕುಳಿತದ್ದೋ, ಹೇಳಲಾರೆ. ಮನೆಗೆ ಬಂದಾಗ ಟವೆಲ್ ನನ್ನ ಕುತ್ತಿಗೆಗೆ ಬಿಗಿಯಾಗಿ ಸುತ್ತಿತ್ತು, ಗಂಟು ಬಿಚ್ಚಲು ಕಷ್ಟವಾಯಿತು ಎನ್ನುತ್ತಾಳೆ ಅಮ್ಮಿ. ಹಾಗಾದರೆ ಮಾಮು ಕಟ್ಟಿದ್ದು ನಿಜ. ಕಟ್ಟುವ ಮೊದಲು ಎಳೆದರೇ ಎಂಬುದು ಆ ಗಂಟಿನಿಂದ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಕುತ್ತಿಗೆ ಹಿಡಿದುಕೊಂಡರೆ ತಲೆದಿಂಬನ್ನು ಬಿಸಿಲಿಗೆ ಹಾಕುತ್ತಾರೆ. ಸೋಮವಾರ ಅಮ್ಮಿ ನನ್ನ ದಿಂಬನ್ನು ಮಾಳಿಗೆಯ ಮೇಲೆ ಒಣಗಿಸಿದಳು. ಕೆಲಸಕ್ಕೆ ಹೋದೆ ಎಂದು ದಿನಚರಿ ಹೇಳುತ್ತದೆ.

ಗರಗದ ಒಂದು ಖಾದಿ ಘಟಕದಲ್ಲಿ ಬಟ್ಟೆ ಪರೀಕ್ಷಿಸುವುದು ನನ್ನ ಕೆಲಸ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದು ಬಸ್ಸು, ಅಲ್ಲಿಂದ ಗರಗಕ್ಕೆ ಇನ್ನೊಂದು. ನೇಯ್ದ ಥಾನನ್ನು ಮೇಜಿನ ಮೇಲೆ ಹರಡಿ, ಒಂದಿಂಚಿನ ಚೌಕ ಕಿಂಡಿಯಿರುವ ಪುಟ್ಟ ಭೂತಗನ್ನಡಿಯನ್ನು ಅದರ ಮೇಲಿಟ್ಟು, ಸೂಜಿಯ ಮೊನೆಯಿಂದ ಒಂದೊಂದೇ ಎಳೆಯನ್ನು ಎಣಿಸಬೇಕು. ಮೊದಲು ಉದ್ದದ ಎಳೆ ಹಾಸು, ಆಮೇಲೆ ಅಡ್ಡ ಎಳೆ ಹೊಕ್ಕು. ಒಂದು ಥಾನಿಗೆ ಮೂರು ಜಾಗದಲ್ಲಿ ಎಣಿಕೆ. ಎಣಿಸುವಾಗ ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗಿರುತ್ತದೆ. ನನ್ನ ಎಣಿಕೆ ತಪ್ಪಿದರೆ ನೇಯ್ದವಳ ಎಷ್ಟೋ ದಿನದ ದುಡಿಮೆ ಹಿಂದಕ್ಕೆ ಹೋಗುತ್ತದೆ. ಎರಡು ದಿನ ನಾನು ಹಾಗೆಯೇ ತಲೆ ಬಗ್ಗಿಸಿ ಕುಳಿತೆ. ಒಡೆದ ಎಲುಬನ್ನು ಗಂಟೆಗಟ್ಟಲೆ ಬಗ್ಗಿಸಿಟ್ಟುಕೊಂಡು ಕುಳಿತೆ.

ಮಂಗಳವಾರ ಮಧ್ಯಾಹ್ನ ಒಂದೇ ಜಾಗವನ್ನು ಮೂರು ಸಲ ಎಣಿಸಿದೆ. ಮೂರು ಸಲವೂ ಬೇರೆ ಬೇರೆ ಸಂಖ್ಯೆ ಬಂತು. ಆ ಥಾನನ್ನು ನೇಯ್ದ ಹೆಂಗಸು ಎದುರಿಗೇ ನಿಂತಿದ್ದಳು. ನನಗಿಂತ ಹಿರಿಯಳು, ಮಾತಿನಲ್ಲಿ ಚೂಟಿ.

"ಯಾಕ್ರಿ ಅಕ್ಕಾರ, ನನ್ನ ಅರಿವ್ಯಾಗ ಎಳಿ ಹುಟ್ಟಾಕತ್ತಾವೇನು? ಒಮ್ಮೆ ಹೆಚ್ಚ ಅಂತೀರಿ, ಒಮ್ಮೆ ಕಡಿಮಿ ಅಂತೀರಿ."

"ಕುತ್ತಿಗಿ ಹಿಡಕೊಂಡೈತಿ."

"ಅದಕs ಮಗ್ಗದ ಕಂಬದಂಗ ಕುಂತೀರಿ ನೋಡ್ರಿ. ದಿಂಬ ಬಿಸಲಿಗೆ ಹಾಕೀರಿಲ್ಲ?"

ಹಾಕಿದ್ದೇವೆ ಎನ್ನುವಷ್ಟರಲ್ಲಿ ಅವಳ ನಗು ನಿಂತಿತು. ಅವಳು ನನ್ನ ಎಡಗೈಯನ್ನು ನೋಡುತ್ತಿದ್ದಳು. ಕೈಯಲ್ಲಿದ್ದ ಸೂಜಿ ನೆಲಕ್ಕೆ ಬಿದ್ದಿತ್ತು. ನನ್ನ ಬೆರಳುಗಳು ಮಾತ್ರ ಇನ್ನೂ ಅದನ್ನು ಹಿಡಿದ ಹಾಗೆಯೇ ಇದ್ದವು. ಬಿದ್ದದ್ದು ನನಗೆ ತಿಳಿದೇ ಇರಲಿಲ್ಲ.

"ಇದು ದಿಂಬಿನ ಮಾತಲ್ರಿ," ಎಂದಳು. "ಏಳ್ರಿ. ಲಗೂನ ದವಾಖಾನಿಗೆ ನಡೀರಿ."

ಘಟಕದ ಜೀಪಿನಲ್ಲಿ ಹುಬ್ಬಳ್ಳಿಯವರೆಗೂ ಅವಳು ನನ್ನ ಹಿಂದಿನ ಸೀಟಿನಲ್ಲಿ ಕುಳಿತು, ಎರಡೂ ಕೈಗಳಿಂದ ನನ್ನ ತಲೆಯನ್ನು ಅಲುಗದಂತೆ ಹಿಡಿದಿದ್ದಳು. ಹಾಗೆ ಹಿಡಿಯಬೇಕೆಂದು ಅವಳಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. "ನೂಲಿನ ಲಡಿ ಹಿಡದಂಗ ಹಿಡದೇನಿ, ಅಂಜಬ್ಯಾಡ್ರಿ" ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದವನು ಪರದೆ ನೋಡಿದವನೇ ಹೊರಗೆ ಹೋದ. ಅವನ ಬದಲು ಒಬ್ಬ ಡಾಕ್ಟರ್ ಓಡುತ್ತ ಬಂದರು. "ಅಳ್ಳಾಡಬ್ಯಾಡ್ರಿ. ಹೌದು ಅನ್ನಾಕೂ ಗೋಣ ಹಾಕಬ್ಯಾಡ್ರಿ. ಬಾಯಿಲೆ ಹೇಳ್ರಿ." ಬೆನ್ನು ಬಾಗದಂತೆ ನಾಲ್ಕು ಜನ ಒಟ್ಟಿಗೇ ನನ್ನನ್ನು ಹಾಸಿಗೆಗೆ ಸರಿಸಿದರು. ಕುತ್ತಿಗೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಕಾಲರ್ ಬಂತು. ಅಲ್ಲಿಂದ ಮುಂದೆ ನನ್ನ ಲೋಕವೆಂದರೆ ಚಾವಣಿ.

ಸ್ಕ್ಯಾನುಗಳೆಲ್ಲ ಮುಗಿದ ಮೇಲೆ ಎಲುಬಿನ ಡಾಕ್ಟರ್ ಬಂದು ಕಾಗದದ ಮೇಲೆ ಚಿತ್ರ ಬಿಡಿಸಿ, ಅದನ್ನು ನನ್ನ ಮುಖದ ಮೇಲೆ ಹಿಡಿದು ವಿವರಿಸಿದರು. ಕುತ್ತಿಗೆಯ ಎರಡನೆಯ ಎಲುಬಿನಲ್ಲಿ ಮೇಲ್ಮುಖವಾದ ಒಂದು ಗೂಟವಿದೆ. ಮೊದಲನೆಯ ಎಲುಬು ಬಳೆಯ ಹಾಗೆ ಆ ಗೂಟದ ಸುತ್ತ ತಿರುಗುತ್ತದೆ. ತಲೆ ಅತ್ತಿತ್ತ ಹೊರಳುವುದು ಬಹುಪಾಲು ಅಲ್ಲಿಂದಲೇ. ನನ್ನ ಗೂಟ ಬುಡದಲ್ಲಿ ಸೀಳಿ, ಸ್ವಲ್ಪ ಹಿಂದಕ್ಕೆ ಸರಿದಿತ್ತು. "ಅದರ ಹಿಂದs ನಿಮ್ಮ ಇಡೀ ಮೈಯ ವೈರಿಂಗ್ ಐತ್ರಿ," ಎಂದರು.

ಸುದ್ದಿ ತಿಳಿದು ಅಮ್ಮಿಯ ಜೊತೆ ಬಂದು, ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತಿದ್ದ ಮಾಮು ಮೆಲ್ಲಗೆ ಹೇಳಿದರು: "ಕಿಂಗ್ ಪಿನ್." ಲಾರಿಯ ಮುಂದಿನ ಗಾಲಿ ತಿರುಗುವುದು ಕಿಂಗ್ ಪಿನ್ನಿನ ಮೇಲೆ. ಅದು ಮುರಿದ ಗಾಡಿಯನ್ನು ಒಂದು ಮಾರು ಸಹ ಓಡಿಸಬಾರದು ಎಂದು ಅವರು ಡ್ರೈವರುಗಳನ್ನು ಬೈಯುವುದನ್ನು ಕೇಳಿದ್ದೇನೆ.

ಆಗ ಡಾಕ್ಟರ್ ಆ ಪ್ರಶ್ನೆ ಕೇಳಿದರು. "ಬಿದ್ದ ಮ್ಯಾಲ ಯಾರರೆ ನಿಮ್ಮ ಕುತ್ತಿಗಿ ತಿಕ್ಕೂದು, ಎಳಿಯೂದು ಏನರೆ ಮಾಡ್ಯಾರೇನು? ಬಿದ್ದ ಏಟಿಗೆ ಸರದು ಅಲ್ಲೇ ನಿಂತಿದ್ರ ಒಂದ ಲೆಕ್ಕ. ಆಮ್ಯಾಲ ಎಳದದ್ದಕ್ಕ ಸರದಿದ್ರ ಅದು ಮತ್ತ ಸರಿಯೂ ಎಲುಬು, ಅದರ ಲೆಕ್ಕ ಬ್ಯಾರೆ."

ಅಮ್ಮಿ ಮಾಮುವಿನ ಕಡೆ ನೋಡಿರಬೇಕು. ನನಗೆ ಕಾಣಿಸುತ್ತಿದ್ದದ್ದು ಚಾವಣಿ ಮಾತ್ರ.

"ಇಲ್ರಿ," ಎಂದೆ ನಾನು.

ಯಾಕೆ ಹಾಗೆಂದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆ ಗಳಿಗೆಯಲ್ಲಿ ಅನಿಸಲಿಲ್ಲ. ಹೌದು ಎಂದರೆ ಮಾಮು ಆ ಕೋಣೆಯಲ್ಲಿ ಎಲ್ಲಿ ನಿಲ್ಲಬೇಕು ಎಂದಷ್ಟೇ ಅನಿಸಿತು. ಗೊತ್ತಿಲ್ಲ ಎಂಬ ಮೂರನೆಯ ಉತ್ತರವೊಂದಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ದಿನವಿಡೀ ಎಣಿಸಿ ಬದುಕುವವಳು ನಾನು. ಎಣಿಸದೆ ಸಂಖ್ಯೆ ಹೇಳಿಬಿಟ್ಟೆ.

ದಾರಿಗಳು ಎರಡಿದ್ದವು. ಹಿಂದಿನಿಂದ ಕೊಯ್ದು ಎರಡೂ ಎಲುಬುಗಳನ್ನು ಸ್ಕ್ರೂ ಹಾಕಿ ಬಿಗಿದರೆ ಭದ್ರ, ಆದರೆ ಕುತ್ತಿಗೆಯ ತಿರುಗುವಿಕೆ ಅರ್ಧದಷ್ಟು ಹೋಗುತ್ತದೆ. ಇಲ್ಲವೆ ಮೂರು ತಿಂಗಳು ಕಾಲರಿನಲ್ಲಿದ್ದು, ಎಲುಬು ತಾನೇ ಕೂಡುತ್ತದೆಯೇ ಎಂದು ಕಾಯುವುದು. ಗೂಟವನ್ನು ಹಿಡಿದಿರುವ ನಾರಿನ ಕಟ್ಟು ಹರಿದಿಲ್ಲ ಎಂದು ಸ್ಕ್ಯಾನಿನಲ್ಲಿ ಕಂಡಿತ್ತು. ಯಾರೂ ಎಳೆದಿಲ್ಲ ಎಂಬ ನನ್ನ ಮಾತೂ ಇತ್ತು. ಕಾಲರ್ ಎಂದು ತೀರ್ಮಾನವಾಯಿತು. ಬೆರಳುಗಳ ಜೋಮು ಎರಡು ವಾರದಲ್ಲಿ ಇಳಿಯಿತು. ಮನೆಗೆ ಕಳಿಸಿದರು.

ಕಾಲರ್ ಅಡಿಯ ಚರ್ಮ ಹುಣ್ಣಾಗದಂತೆ ದಿನಾ ತೊಳೆಯಬೇಕು. ಅದಕ್ಕೊಂದು ಕ್ರಮವಿದೆ. ನಾನು ನೆಲದ ಮೇಲೆ ದಿಂಬಿಲ್ಲದೆ ಅಂಗಾತ ಮಲಗಬೇಕು. ಒಬ್ಬರು ತಲೆಯ ಹಿಂದೆ ಮಂಡಿಯೂರಿ, ಮೊಣಕೈ ನೆಲಕ್ಕೆ ಕೊಟ್ಟು, ಎರಡೂ ಅಂಗೈಗಳ ನಡುವೆ ತಲೆಯನ್ನು ಹಿಡಿದಿರಬೇಕು. ಇನ್ನೊಬ್ಬರು ಕಾಲರಿನ ಮುಂಭಾಗ ತೆಗೆದು, ಒರೆಸಿ, ಮತ್ತೆ ಹಾಕಬೇಕು. ಆಮೇಲೆ ಹಿಂಭಾಗ. ಎರಡೂ ಭಾಗಗಳು ಒಟ್ಟಿಗೆ ಬಿಚ್ಚಿರಕೂಡದು. ತಲೆ ಹಿಡಿಯಲು ಮೊದಲ ದಿನ ಅಮ್ಮಿ ಕುಳಿತಳು, ಅವಳ ಕೈ ನಡುಗಿತು. ಮರುದಿನದಿಂದ ಅಮ್ಮಿ ಒರೆಸಲು ಕುಳಿತಳು, ತಲೆ ಹಿಡಿಯಲು ಮಾಮು ಬಂದರು. ದಿನಾ ಬೆಳಿಗ್ಗೆ ಗಬ್ಬೂರಿನಿಂದ ಬಂದು, ಮೂರು ಸಲ ಸೋಪು ಹಚ್ಚಿ ಗ್ರೀಸ್ ಹೋಗುವವರೆಗೆ ಕೈ ತೊಳೆದು, ನನ್ನ ತಲೆ ಹಿಡಿಯುತ್ತಿದ್ದರು. ಅವರ ಕೈ ಒಂದು ದಿನವೂ ನಡುಗಲಿಲ್ಲ.

"ಉಸರ ತೊಗೋ. ಡಾಕ್ಟರ್ ಅದೊಂದು ಬ್ಯಾಡಂದಿಲ್ಲ."

"ಹಿಡದೀರೇನು?"

"ಎಂಜಿನ್ ಇಳಿಸೂವಾಗ ಚೈನ್ ಬಿಡ್ತೇನೇನು ನಾ?"

ಹತ್ತು ನಿಮಿಷ ಅವರ ಗದ್ದ ತಲೆಕೆಳಗಾಗಿ ನನ್ನ ಕಣ್ಣ ಮುಂದಿರುತ್ತಿತ್ತು. ಆ ಭಾನುವಾರದ ಬಗ್ಗೆ ಕೇಳಲು, ಹೇಳಲು ಇಬ್ಬರಿಗೂ ದಿನಾ ಹತ್ತು ನಿಮಿಷ ಸಿಗುತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಅವರ ಅಂಗೈಗಳ ನಡುವೆ ತಲೆಯಿಟ್ಟು ಆ ಮಾತು ಕೇಳುವ ಧೈರ್ಯ ನನಗಿರಲಿಲ್ಲ.

ಭಯ ತನ್ನದೇ ಒಂದು ವೇಳಾಪಟ್ಟಿ ಮಾಡಿಕೊಂಡಿತ್ತು. ಎದ್ದ ಕೂಡಲೇ ಹೆಬ್ಬೆರಳನ್ನು ಪ್ರತಿ ಬೆರಳಿಗೂ ಮುಟ್ಟಿಸಿ ನೋಡುವುದು. ಮಂಚದ ಪಕ್ಕದಲ್ಲಿಟ್ಟುಕೊಂಡ ಖಾದಿ ತುಂಡನ್ನು ಕಣ್ಣು ಮುಚ್ಚಿ ಸವರಿ, ಹಾಸು ಯಾವುದು, ಹೊಕ್ಕು ಯಾವುದು ಎಂದು ಹೇಳುವುದು. ಸರಿ ಬಂದರೆ ಮಧ್ಯಾಹ್ನದವರೆಗೆ ನೆಮ್ಮದಿ. ಸೀನು ಬರುವ ಹಾಗಾದರೆ ಎರಡೂ ಕೈಗಳಿಂದ ಕಾಲರ್ ಹಿಡಿಯುತ್ತಿದ್ದೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಸಿಡಿದರೂ ಹೆದರಿಕೆಯಾಗುತ್ತಿತ್ತು.

ಆರನೆಯ ವಾರದ ಎಕ್ಸ್-ರೇಯಲ್ಲಿ ಬಿರುಕಿನ ಕಪ್ಪು ಗೆರೆ ಹಾಗೆಯೇ ಇತ್ತು. ಎಲುಬು ಕೂಡುವ ಲಕ್ಷಣ ಕಾಣುತ್ತಿಲ್ಲ, ಸ್ಕ್ರೂ ಹಾಕುವುದರ ಬಗ್ಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು ಡಾಕ್ಟರ್. ಅಮ್ಮಿ ಮತ್ತು ಮಾಮುವನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿದ ಮೇಲೆ ಹೇಳಿದೆ.

"ಅವತ್ತು ನೀವು ಕೇಳಿದ್ರಿ, ನಾ ಇಲ್ಲ ಅಂದೆ. ಖರೇ ಅಂದ್ರ ನನಗ ಗೊತ್ತಿಲ್ರಿ. ಎಳದಿರಬಹುದು."

ಅವರು ಪೆನ್ನು ಕೆಳಗಿಟ್ಟರು. "ಗೊತ್ತಿಲ್ಲ ಅನ್ನೂದನ್ನ ಅವತ್ತs ಹೇಳಬೇಕಾಗಿತ್ತು."

"ಹೌದ್ರಿ."

"ಯಾರು ಅಂತ ನಾ ಕೇಳೂದಿಲ್ಲ. ಅದು ನನ್ನ ಕೆಲಸಲ್ಲ. ಸರಿತದೋ ಇಲ್ಲೋ ನೋಡೂದು ನನ್ನ ಕೆಲಸ."

ಅಂದೇ ಮತ್ತೊಂದು ಸಿ.ಟಿ. ಆಯಿತು. ಮೊದಲಿನದರ ಪಕ್ಕದಲ್ಲಿಟ್ಟು ಅಳೆದರು. ಕೂದಲೆಳೆಯಷ್ಟು ಸರಿದಿದ್ದರೂ ಆ ವಾರವೇ ಆಪರೇಶನ್ ಎಂದಿದ್ದರು. ಆ ಒಂದು ಗಂಟೆ ಹೊರಗಿನ ಬೆಂಚಿನ ಮೇಲೆ ಮಾಮು ನನ್ನ ಪಕ್ಕ ಕುಳಿತಿದ್ದರು. ನಾನು ಒಳಗೆ ಏನು ಹೇಳಿದೆ ಎಂದು ಅವರು ಕೇಳಲಿಲ್ಲ. ಅವರಿಗೆ ತಿಳಿದಿತ್ತು ಎಂದು ನನಗೆ ಅನಿಸಿತು. ಇದು ನನ್ನ ಅನಿಸಿಕೆ ಮಾತ್ರ.

ಎಲುಬು ಸರಿದಿರಲಿಲ್ಲ, ಕೂಡಿಯೂ ಇರಲಿಲ್ಲ. ಈಗ ಎರಡೂ ದಾರಿ ಸರಿಯೇ, ನೀವೇ ಹೇಳಬೇಕು ಎಂದರು ಡಾಕ್ಟರ್. ಎದೆಯವರೆಗೆ ಇಳಿಯುವ ಇನ್ನೂ ಬಿಗಿಯಾದ ಕಾಲರ್ ಹಾಕಿಕೊಂಡು ಮತ್ತೆ ಆರರಿಂದ ಎಂಟು ವಾರ ಕಾಯಬಹುದು, ಆಗಲೂ ಕೂಡದಿದ್ದರೆ ಆಪರೇಶನ್ ಹೇಗೂ ಇದೆ. ಯೋಚಿಸಲು ಒಂದು ದಿನ ಕೇಳಿಕೊಂಡೆ. ನನ್ನ ಕೆಲಸದಲ್ಲಿ ಅನುಮಾನ ಬಂದ ಥಾನನ್ನು ಕತ್ತರಿಸುವುದಿಲ್ಲ, ಮತ್ತೊಮ್ಮೆ ಎಣಿಸುತ್ತೇವೆ. ಇದೊಂದು ಸರಿಯಾದ ಕಾರಣವೋ, ಹೆದರಿಕೆಗೆ ತೊಡಿಸಿದ ಅಂಗಿಯೋ ನನಗೆ ಇಂದಿಗೂ ಖಾತ್ರಿಯಿಲ್ಲ. ಕಾಯುತ್ತೇನೆ ಎಂದೆ.

ಗರಗದಲ್ಲಿ ಎಣಿಸಬಲ್ಲವರು ನನ್ನ ಹೊರತು ಇನ್ನೊಬ್ಬರೇ. ಥಾನುಗಳು ರಾಶಿ ಬಿದ್ದಿವೆ ಎಂದು ಸುದ್ದಿ ಬರುತ್ತಿತ್ತು. ಮನೆಯಲ್ಲೇ ಗದ್ದ ಕೆಳಗಿಳಿಸದೆ ಕುಳಿತು ಮಾಡುವ ಕೆಲಸಕ್ಕೆ ಡಾಕ್ಟರ್ ಒಪ್ಪಿದರು. ಆದರೆ ತಲೆ ಬಗ್ಗಿಸದೆ ಎಳೆ ಎಣಿಸುವುದು ಹೇಗೆ? ಇದನ್ನು ನಾನು ಅಮ್ಮಿಯ ಮುಂದೆ ಹೇಳಿಕೊಂಡೆ. ಮರುದಿನ ಕುತ್ತಿಗೆ ಒರೆಸಿಯಾದ ಮೇಲೆ ಮಾಮು ಜೇಬಿನಿಂದ ಉಕ್ಕಿನ ಟೇಪ್ ತೆಗೆದು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ಕಣ್ಣಿನವರೆಗೆ ಅಳೆದು ಹೋದರು. ಮೂರು ದಿನದ ಮೇಲೆ ಒಂದು ಸ್ಟ್ಯಾಂಡ್ ಹೊತ್ತು ತಂದರು. ಬುಡಕ್ಕೆ ಹಳೆಯ ಬ್ರೇಕ್ ಡ್ರಮ್, ಕಂಬಕ್ಕೆ ಕಾರಿನ ಜ್ಯಾಕಿನ ಸ್ಕ್ರೂ, ಮೇಲೆ ಬಟ್ಟೆಯನ್ನು ಕ್ಲಿಪ್ಪಿನಿಂದ ಹಿಡಿಯುವ ಒಂದು ತಗಡು. ಭೂತಗನ್ನಡಿ ಕೂರಿಸಲು ಲಾರಿ ಕನ್ನಡಿಯ ತೋಳು. ಹಿಡಿಕೆ ತಿರುಗಿಸಿದರೆ ಬಟ್ಟೆ ಒಂದೊಂದೇ ಎಳೆಯಷ್ಟು ಮೇಲೇರುತ್ತದೆ.

"ನೀ ತಲಿ ಬಗ್ಗಸಬ್ಯಾಡ. ಬಟ್ಟೀನs ಏರಸು," ಎಂದರು.

ಗರಗದಿಂದ ಬಂದ ಮೊದಲ ಥಾನನ್ನು ನೇಯ್ದವಳು ಅದೇ ಹೆಂಗಸು. ಮೂರು ಸಲ ಎಣಿಸಿದೆ. ಮೂರು ಸಲವೂ ಒಂದೇ ಸಂಖ್ಯೆ. ಫೋನಿನಲ್ಲಿ ಹೇಳಿದಾಗ, "ನನ್ನ ಎಳಿ ಮೊದಲs ಸರಿ ಇದ್ದುವು. ನಿಮ್ಮ ಗೂಟ ಅಳ್ಳಾಡ್ತಿತ್ತು," ಎಂದಳು.

ಹದಿನಾಲ್ಕನೆಯ ವಾರದ ಸ್ಕ್ಯಾನಿನಲ್ಲಿ ಕಪ್ಪು ಗೆರೆಯನ್ನು ದಾಟಿ ಬಿಳಿ ಎಳೆಗಳು ಹಾಯ್ದಿದ್ದವು. ಹಾಸಿನ ನಡುವೆ ಹೊಕ್ಕು ಹಾಯ್ದ ಹಾಗೆ ಕಂಡಿತು ನನಗೆ. ಡಾಕ್ಟರ್ ತಮ್ಮ ಕಣ್ಣೆದುರಿಗೇ ನನ್ನ ತಲೆ ಬಗ್ಗಿಸಿ, ಎತ್ತಿಸಿ ಮತ್ತೆ ಎಕ್ಸ್-ರೇ ತೆಗೆಸಿ, ಗೂಟ ಅಲುಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆ ಮೊದಲ ಬಗ್ಗುವಿಕೆಯಲ್ಲಿ ನಾನು ಅತ್ತುಬಿಟ್ಟೆ. ನೋವಿನಿಂದಲ್ಲ. ಕಾಲರ್ ದಿನಕ್ಕೊಂದಿಷ್ಟು ಹೊತ್ತಿನಂತೆ ಬಿಟ್ಟುಹೋಯಿತು. ತಲೆ ತುಂಬಿದ ಕೊಡದಷ್ಟು ಭಾರವೆನಿಸುತ್ತಿತ್ತು. ವ್ಯಾಯಾಮ ಮಾಡಿಸುವಾಕೆ ಗೋಡೆಗೆ ಬಣ್ಣದ ಚುಕ್ಕೆಗಳನ್ನು ಅಂಟಿಸಿ, ವಾರಕ್ಕೊಂದು ಚುಕ್ಕೆ ದೂರ ನೋಡಲು ಹೇಳಿದಳು. ಬಲಗಡೆ ಎಲ್ಲವೂ ಸಿಕ್ಕವು. ಎಡಗಡೆ ಕೊನೆಯ ಎರಡು ಚುಕ್ಕೆಗಳು ಇನ್ನೂ ಸಿಕ್ಕಿಲ್ಲ. ಈಗ ಗರಗಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ, ರಸ್ತೆಯ ಪ್ರತಿ ಉಬ್ಬಿಗೂ ಮುಂದಿನ ಸೀಟಿನ ಕಂಬಿ ಹಿಡಿಯುತ್ತೇನೆ. ಸ್ಟ್ಯಾಂಡ್ ಈಗ ಅಲ್ಲಿದೆ. ಇನ್ನೊಬ್ಬ ಪರೀಕ್ಷಕರೂ ಅದರಲ್ಲೇ ಎಣಿಸುತ್ತಾರೆ.

ಖಾಲಿ ಪುಟಗಳನ್ನು ತುಂಬಿಸೋಣವೆಂದು ಒಂದು ದಿನ ಗಬ್ಬೂರಿಗೆ ಹೋದೆ. ಮೊದಲು ಪಂಕ್ಚರ್ ಅಂಗಡಿಯವರನ್ನು ಕೇಳಿದೆ. "ಎಳೀಲಾರದ ಬಿಟ್ಟಾರೇನ್ರಿ ನಿಮ್ಮ ಮಾಮಾ?" ಎಂದು ನಕ್ಕರು. ನೀವು ಕಣ್ಣಾರೆ ಕಂಡಿರಾ ಎಂದೆ. "ಕಂಡಂಗ ಆಗತೈತ್ರಿ," ಎಂದರು. ಅವರ ನೆನಪೂ ನನ್ನದರ ಹಾಗೆಯೇ ಇತ್ತು.

ಗ್ಯಾರೇಜಿನಲ್ಲಿ ಒಬ್ಬ ಡ್ರೈವರ್ ಸ್ಟೂಲಿನ ಮೇಲೆ ಕುಳಿತು ಕುತ್ತಿಗೆ ಹಿಡಿದುಕೊಂಡಿದ್ದ. ಮಾಮು ಲಾರಿಯ ಕೆಳಗಿದ್ದರು, ಕಾಲುಗಳಷ್ಟೇ ಕಾಣುತ್ತಿದ್ದವು.

"ಕಾಕಾ, ಒಂದ ಜಗ್ಗ ಜಗ್ಗಿ ಬಿಡ್ರಿ. ಅದಕ್ಕs ನಿಂತೇನಿ."

"ಅದನ್ನ ಬಿಟ್ಟೇನಿ."

"ಯಾಕ್ರಿ, ಕೈಯಾಗ ಕಸುವು ಹೋತೇನು?"

"ಹೂಂ, ಹೋತು. ದವಾಖಾನಿಗೆ ಹೋಗಿ ಫೋಟೋ ತೆಗಸು. ಹೋಗು."

ಡ್ರೈವರ್ ಗೊಣಗುತ್ತ ಹೋದ. ಯಾವಾಗಿನಿಂದ ಬಿಟ್ಟಿದ್ದಾರೆ ಎಂದು ನಾನು ಕೇಳಲಿಲ್ಲ. ಬಿಟ್ಟದ್ದು ತಪ್ಪು ಮಾಡಿದ್ದಕ್ಕೋ, ಮಾಡಬಹುದಾಗಿದ್ದ ತಪ್ಪು ಕಣ್ಣಿಗೆ ಬಿದ್ದದ್ದಕ್ಕೋ, ಬಿಟ್ಟೇನಿ ಎಂಬ ಒಂದೇ ಮಾತು ಎರಡಕ್ಕೂ ಹೊಂದುತ್ತದೆ. ಸ್ಟೂಲಿನ ಮೇಲೆ ಕುಳಿತೆ. ಲಾರಿಯ ಅಡಿಯಲ್ಲಿ ಪಾನಾ ನಟ್ಟಿಗೆ ಬಿದ್ದು ತಿರುಗುವ ಸದ್ದು ಬರುತ್ತಿತ್ತು.

"ಮಾಮು, ಒಂದ ಮಾತ ಕೇಳ್ಲೇನ್ರಿ?"

"ಕೇಳು."

"ಅವತ್ತ ನೀವು ಟವೆಲ್ ಬರೇ ಕಟ್ಟಿದ್ರೇನು, ಮೊದಲ ಎಳದು ಆಮ್ಯಾಲ ಕಟ್ಟಿದ್ರೇನು? ಯಾವುದಾದ್ರೂ ನಾ ಸಿಟ್ಟ ಆಗೂದಿಲ್ರಿ. ಬರದಿಡಬೇಕು, ಅಷ್ಟs."

ಪಾನಾದ ಸದ್ದು ನಿಂತಿತು. ದಿನಚರಿಯಲ್ಲಿ ಆ ಭಾನುವಾರದ ಎರಡನೆಯ ಸಾಲು ಇಂದಿಗೂ ಅಷ್ಟೇ ಉದ್ದವಿದೆ.